ಎರಡು ಉಗುರುಗಳ ನಡುವೆ

ಮುದಿ ನಾಯಿಯ ಎಡಗಿವಿಯ ಮಡಿಕೆಯನ್ನು ಬೆರಳಿನಿಂದ ಬಿಡಿಸುತ್ತಿದ್ದಾಗ ಅವನಿಗೆ ಅಮ್ಮನ ಕಿವಿಯ ಮುಂದೆ ಎದ್ದಿದ್ದ ಗಂಟು ನೆನಪಾಯಿತು. ಎಲ್ಲಿಯ ನಾಯಿ, ಎಲ್ಲಿಯ ಅಮ್ಮ ಎಂದು ತನ್ನನ್ನು ತಾನೇ ಗದರಿಕೊಂಡ. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕಿವಿಯೊಳಗಿನ ತೆಳು ಚರ್ಮವನ್ನು ಕಚ್ಚಿಕೊಂಡು, ರಕ್ತ ಕುಡಿದು ಹರಳುಬೀಜದಷ್ಟಾಗಿದ್ದ ಉಣ್ಣಿಯನ್ನು ಬುಡದಲ್ಲಿ ಹಿಡಿದು ಎಳೆದ. ಎಡ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟ. ಬಲ ಹೆಬ್ಬೆರಳಿನ ಉಗುರಿನಿಂದ ಒತ್ತಿದ. ಟಪ್ ಎಂದಿತು. ಈ ಒಂದು ಸದ್ದಿಗಾಗಿ ಅವನು ದಿನಾ ಕಾಯುತ್ತಿದ್ದ ಎಂದರೆ ಯಾರೂ ನಂಬಲಿಕ್ಕಿಲ್ಲ. ಪರಸ್ಥಳಕ್ಕೆ ಹೋಗುವ ಜನ ತಮ್ಮ ನಾಯಿಗಳನ್ನು ಬಿಟ್ಟುಹೋಗುವ ಜಾಗ ಅದು. ಯಜಮಾನಿ ಅದಕ್ಕೆ ಏನೋ ನಾಜೂಕಿನ ಹೆಸರಿಟ್ಟಿದ್ದಳು; ಕೆಲಸದವರ ಬಾಯಲ್ಲಿ ಅದು ನಾಯಿ ಹಾಸ್ಟೆಲ್ಲು. ಉಳಿದವರೆಲ್ಲ ಕಿತ್ತ ಉಣ್ಣಿಗಳನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕುತ್ತಿದ್ದರು. ಅವನಿಗೆ ಅದರಲ್ಲಿ ಸಮಾಧಾನವಿರಲಿಲ್ಲ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದು, ಹಿಂದಿನ ಕೋಣೆಯಲ್ಲಿ ಖಾಕಿ ಕೋಟಿಗೆ ಬದಲಾಗುವ ಇವನಿಗೆ ಯಜಮಾನಿ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. "ಮೇಷ್ಟ್ರೇ, ಆ ಮೂಲೆ ಗಬ್ಬು ನಾರ್ತಿದೆ, ಮೂಗು ಮನೇಲಿ ಬಿಟ್ಟು ಬಂದ್ರಾ?" ಎಂದು ಅವಳು ಎಲ್ಲರೆದುರು ಕೇಳಿದ ದಿನ ಅವನ ಉಗುರಲ್ಲಿ ಹೆಚ್ಚು ಉಣ್ಣಿಗಳು ಸಾಯುತ್ತಿದ್ದವು.

ಪಕ್ಕದ ಗೂಡಿನಲ್ಲಿ ಒಂದು ಮರಿಗೆ ಸೂಜಿ ಚುಚ್ಚುತ್ತಿದ್ದ ನಾಯಿ ಡಾಕ್ಟರು ತಲೆಯೆತ್ತಿ ನೋಡಿದರು.

"ಏನ್ರೀ ಇದು, ಉಗುರಲ್ಲಿ ಒತ್ತೋದು? ಡಬ್ಬಿ ಇಟ್ಟಿರೋದು ಚಂದಕ್ಕಾ?"

"ಅಭ್ಯಾಸ ಆಗಿಬಿಟ್ಟಿದೆ ಸಾರ್."

"ಒಳ್ಳೇ ಅಭ್ಯಾಸ. ಅದರ ಹೊಟ್ಟೇಲಿರೋದೆಲ್ಲ ನಿಮ್ಮ ಕೈಗೆ ಬರುತ್ತೆ. ಉಣ್ಣಿ ಕಚ್ಚಿದ್ರೇ ಜ್ವರ ಬರಬೇಕು ಅಂತೇನಿಲ್ಲ. ಆ ಕೈ ತಗೊಂಡುಹೋಗಿ ಕಣ್ಣುಜ್ಜಿಕೊಂಡ್ರೂ ಸಾಕು."

"ಕಣ್ಣಿಂದ ಒಳಗೆ ಹೋಗುತ್ತಾ?"

"ಹೋಗದೆ ಏನು? ಕಣ್ಣು ಕೆಂಪಗಾಗುತ್ತೆ. ಕಿವಿ ಮುಂದೆ ಗಂಟು ಏಳುತ್ತೆ. ಆಮೇಲೆ ಜ್ವರ, ತಲೆನೋವು, ಅಂಗೈ ಅಂಗಾಲಲ್ಲೆಲ್ಲ ಚುಕ್ಕೆ. ಬೇಗ ಗೊತ್ತಾದ್ರೆ ಮಾತ್ರೇಲೇ ಹೋಗುತ್ತೆ. ತಡ ಆದ್ರೆ ಆಳನ್ನೇ ತಗೊಂಡು ಹೋಗುತ್ತೆ. ಗೊತ್ತಾಗೋದೇ ಇಲ್ಲ, ಅದೇ ಕಷ್ಟ. ಕೈ ತೊಳ್ಕೊಳ್ಳಿ ಹೋಗಿ."

ಇಷ್ಟು ಹೇಳಿ ಅವರು ಮತ್ತೆ ಮರಿಯ ಕಡೆ ತಿರುಗಿದರು. ಜಗತ್ತನ್ನು ತಲೆಕೆಳಗು ಮಾಡುವ ಮಾತನ್ನು ಜನ ಹೀಗೆ, ಸೂಜಿ ಒರೆಸುತ್ತಾ ಆಡಿಬಿಡುತ್ತಾರೆ. ಅವನು ನಲ್ಲಿಯ ಕೆಳಗೆ ಕೈ ಹಿಡಿದ. ಔಷಧಿ ಸೋಪಿನ ಕಟು ವಾಸನೆ ಮೂಗಿಗೆ ಬಡಿಯಿತು. ಕೆಂಪು ಕಣ್ಣು, ಕಿವಿಯ ಮುಂದೆ ಗಂಟು, ಚುಕ್ಕೆ. ಪಾಠ ಒಪ್ಪಿಸಿದ ಹಾಗೆ ಅವರು ಒಂದರ ಹಿಂದೊಂದು ಹೇಳಿದ್ದು ಪೂರ್ತಿ ಅಮ್ಮನ ಮುಖವೇ ಆಗಿತ್ತು. ನಿನ್ನೆ ತಾನೆ, ಜ್ವರವೆಂದು ಸೇರಿಸಿದ್ದ ಆಸ್ಪತ್ರೆಯಲ್ಲಿ, ಹುಡುಗಿ ಡಾಕ್ಟರು, ನಿದ್ದೆಗೆಟ್ಟ ಕಣ್ಣಿನವಳು, ಅಮ್ಮನ ಅಂಗೈಯನ್ನು ಬಿಡಿಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದಳು. ಆಮೇಲೆ ಕೇಳಿದ್ದಳು: "ಮನೇಲಿ ನಾಯಿ ಇದೆಯಾ? ದನ, ಕುರಿ ಏನಾದ್ರೂ? ಇವರು ಹುಲ್ಲಲ್ಲಿ, ಪೊದೇಲಿ ಓಡಾಡಿದ್ರಾ?" ಅವನು ಇಲ್ಲ ಎಂದಿದ್ದ. ಎರಡನೇ ಮಹಡಿಯ ಮನೆ, ನಾಯಿಯೂ ಇಲ್ಲ, ನರಿಯೂ ಇಲ್ಲ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗಿದ್ದರೂ ಉತ್ತರ ಕೊಡುವಾಗ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಇಳಿದಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಕಾಯಿ ಕದ್ದದ್ದು ತನಗೇ ಗೊತ್ತಿಲ್ಲದಿದ್ದಾಗಲೂ ಹೆಗಲಿಗೆ ಗೊತ್ತಿತ್ತೇನೋ.

ಅವನ ಕೈ ಅಂದರೆ ಮನೆಯಲ್ಲಿ ಒಂದು ಕಾಲಕ್ಕೆ ದೊಡ್ಡ ಮಾತು. ಇಂಜಿನಿಯರರ ಆಫೀಸಿನಲ್ಲಿ ಅವನು ಕಟ್ಟಡಗಳ ನಕ್ಷೆ ಬರೆಯುತ್ತಿದ್ದ. ಸ್ಕೇಲಿಲ್ಲದೆ ಎಳೆದ ಗೆರೆಗೂ ಸ್ಕೇಲಿಟ್ಟು ಎಳೆದ ಗೆರೆಗೂ ವ್ಯತ್ಯಾಸ ಹುಡುಕಿ ಎಂದು ಇಂಜಿನಿಯರರೇ ಬಂದವರ ಜೊತೆ ಪಂದ್ಯ ಕಟ್ಟುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಅವನ ಓರೆಮೇಜನ್ನು ಮೊದಲು ಗೋಡೆಗೆ ಸರಿಸಿದರು, ಆಮೇಲೆ ಅದರ ಮೇಲೆ ಚಹಾದ ಕಪ್ಪುಗಳನ್ನು ಇಡತೊಡಗಿದರು, ಓರೆಯಾಗಿದ್ದರಿಂದ ಕಪ್ಪುಗಳು ಜಾರುತ್ತವೆ ಎಂದು ಒಂದು ದಿನ ಮೇಜನ್ನೇ ತೆಗೆದರು. ಮೇಜಿನ ಜೊತೆಗೆ ಅವನೂ ಹೊರಬಿದ್ದ. ಮನೆಯಲ್ಲಿ ಹೇಳಲಿಲ್ಲ. ನಾಳೆ ಹೇಳೋಣ, ಬೇರೆ ಕೆಲಸ ಸಿಕ್ಕ ಮೇಲೆ ಹೇಳೋಣ ಎಂದುಕೊಂಡು, ಸಿಕ್ಕ ಕೆಲಸ ಇದಾದ ಮೇಲೆ ಹೇಳುವ ಮಾತೇ ಉಳಿಯಲಿಲ್ಲ. "ನಮ್ಮಣ್ಣ ಆಫೀಸಿಗೆ ಹೋಗೋದು ನೋಡಿದ್ರೆ ಇವತ್ತಿಗೂ ಮದುವೆ ಗಂಡಿನ ಥರ," ಎಂದು ತಮ್ಮ ತನ್ನ ಗೆಳೆಯರೆದುರು ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಅವನು ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿ ತೊಟ್ಟುಕೊಳ್ಳುತ್ತಿದ್ದ.

ಅಮ್ಮನಿಗೆ ಇದ್ದದ್ದು ಒಂದೇ ಕಣ್ಣು. ಇನ್ನೊಂದು ಎಂದೋ ಬೆಳ್ಳಗಾಗಿ ಹೋಗಿತ್ತು. ಉಳಿದ ಕಣ್ಣಿನ ಪೊರೆ ತೆಗೆಸಿ ಮನೆಗೆ ಕರೆತಂದಾಗ, ಹನಿ ಹಾಕುವ ಕೆಲಸ ಯಾರದು ಎನ್ನುವ ಪ್ರಶ್ನೆ ಬಂತು. ಹೆಂಡತಿ ಕೈ ತೊಳೆದು ಬಂದು ಬಾಟಲಿ ತೆಗೆದುಕೊಂಡಿದ್ದಳು. ಅವನು ಕಸಿದುಕೊಂಡ. "ನಿನ್ನ ಕೈ ನಡುಗುತ್ತೆ. ಒಗ್ಗರಣೆ ಹಾಕೋ ಕೈಗೆ ಇದೆಲ್ಲ ಆಗೋಲ್ಲ," ಎಂದ. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಂತೆ ಮಾಡಿದಳು. ಅಂದಿನಿಂದ ಅವನು ಕೆಲಸದಿಂದ ಬಂದವನೇ ಚಪ್ಪಲಿ ಬಿಟ್ಟು ಅಮ್ಮನ ಮಂಚದ ಬಳಿ ನಿಲ್ಲುತ್ತಿದ್ದ. ಅಮ್ಮ ತಲೆ ಹಿಂದಕ್ಕೊರಗಿಸಿ ಬಾಯಿ ಸ್ವಲ್ಪ ತೆರೆದು ಕಾಯುತ್ತಿದ್ದಳು. ಅವನು ಕೆಳರೆಪ್ಪೆಯನ್ನು ಎಡ ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಿ, ಒಂದೇ ಒಂದು ಹನಿಯನ್ನು ಸರಿಯಾಗಿ ಆ ಕೆಂಪು ಬಟ್ಟಲಿಗೆ ಬೀಳಿಸುತ್ತಿದ್ದ. ಅಮ್ಮ ಕಣ್ಣು ಮುಚ್ಚಿ ಹೇಳುತ್ತಿದ್ದಳು: "ಬಿದ್ದಿದ್ದೇ ಗೊತ್ತಾಗ್ಲಿಲ್ಲ ನೋಡು. ಕೈ ಅಂದ್ರೆ ನಿನ್ನ ಕೈ." ಜಗತ್ತಿನಲ್ಲಿ ಅವನ ಕೈಯನ್ನು ಹೊಗಳುವ ಬಾಯಿ ಅದೊಂದೇ ಉಳಿದಿತ್ತು.

ನಾನು ಕೈ ತೊಳೆಯುತ್ತಿದ್ದೆ, ಎಂದು ಅವನು ನಲ್ಲಿಯ ಎದುರು ತುಟಿ ಅಲ್ಲಾಡಿಸಿದ. ತೊಳೆಯುತ್ತಿದ್ದೆ, ದಿನಾ, ಇದೇ ಸೋಪಿನಲ್ಲಿ, ಮೊಣಕೈವರೆಗೆ. ಹೌದು. ಅದೊಂದು ಸಂಜೆ ಬಿಟ್ಟು. ಆ ಸಂಜೆ ಕೈ ತೊಳೆದು, ಅಂಗಿ ಬದಲಿಸಿ, ತಲೆ ಬಾಚಿ ಗೇಟಿನವರೆಗೆ ಹೋದವನ ಕಾಲಿಗೆ ಈ ಮುದಿ ನಾಯಿ ಬಂದು ಒರಗಿತ್ತು. ಇದರ ಮನೆಯವರು ಬಿಟ್ಟುಹೋದವರು ತಿರುಗಿ ಬಂದಿರಲಿಲ್ಲ. ಯಾರ ಕಾಲು ಸಿಕ್ಕರೂ ಅದು ಒರಗುತ್ತಿತ್ತು. ಅವನು ಬಗ್ಗಿ ಅದರ ಕತ್ತು ಸವರಿದ. ಬೆರಳಿಗೆ ಒಂದು ಉಬ್ಬು ಸಿಕ್ಕಿತು. ಹಿಂದಿರುಗಿ ಡಬ್ಬಿ ತರುವಷ್ಟು ವ್ಯವಧಾನವಿರಲಿಲ್ಲ, ಬಿಟ್ಟುಹೋಗುವ ಮನಸ್ಸೂ ಇರಲಿಲ್ಲ. ಆ ದಿನ ಯಜಮಾನಿ ಇವನನ್ನು ಯಾರೋ ಗಿರಾಕಿಗೆ ತೋರಿಸಿ, "ಇವರು ನಕ್ಷೆ ಬರೀತಿದ್ರಂತೆ, ಈಗ ನಾಯಿ ಉಚ್ಚೆಗೆ ಚರಂಡಿ ಎಳೀತಾರೆ," ಎಂದು ನಕ್ಕಿದ್ದಳು. ಟಪ್ ಎನಿಸಿದ. ಕರವಸ್ತ್ರಕ್ಕೆ ಒರೆಸಿಕೊಂಡ. ಬಸ್ಸು ಬಂದಿತ್ತು, ಓಡಿದ. ಮನೆಗೆ ಬಂದಾಗ ಅಮ್ಮ ಆಗಲೇ ತಲೆ ಒರಗಿಸಿ ಕಾಯುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈಯ ಕೆಸರು ಅಮ್ಮನ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಯಾರೂ ಗಾದೆ ಕಟ್ಟಿಲ್ಲ.

ಈಗ ಓಡಬೇಕು ಎಂದು ಅವನಿಗೆ ಗೊತ್ತಿತ್ತು. ಆಸ್ಪತ್ರೆಗೆ ಬಸ್ಸಿದೆ, ಆಟೋ ಇದೆ, ಏನೂ ಇಲ್ಲದಿದ್ದರೆ ಜೇಬಿನಲ್ಲಿ ಫೋನಿದೆ. ಫೋನನ್ನು ಕೈಗೆ ತೆಗೆದುಕೊಂಡ. ಡಾಕ್ಟರೇ, ನಾನು ನಿನ್ನೆ ಹೇಳಲಿಲ್ಲ, ನಾನು — ನಾನು ಏನು? ಆ ಪದದ ಹತ್ತಿರ ಬಂದು ನಾಲಿಗೆ ನಿಂತುಬಿಟ್ಟಿತು. ನಾಯಿ ತೊಳೆಯುವವನು. ಬರಿಯ ಎರಡು ಪದ. ಅಷ್ಟನ್ನು ಹೇಳಲಾರದೆ ಅವನು ಫೋನನ್ನು ಜೇಬಿಗೆ ಹಾಕಿ ಬ್ರಷ್ಷು ಹಿಡಿದ. ಒಂದು ನಾಯಿ ತೊಳೆದ, ಇನ್ನೊಂದನ್ನು ತೊಳೆದ, ಸರದಿಯಲ್ಲದ ಮೂರನೆಯದನ್ನೂ ಎಳೆದು ತಂದು ತೊಳೆದ. ಹಾಗಾಗಿರಲಾರದು, ಎಂದು ನೊರೆಯೊಳಗೆ ಬೆರಳಾಡಿಸುತ್ತಾ ವಾದಿಸಿದ. ಹಾಗಿದ್ದರೆ ಮೊದಲು ನನಗೇ ಬರಬೇಕಿತ್ತಲ್ಲ. ದಿನಾ ಒತ್ತುವವನು ನಾನು. ಕಣ್ಣಿನ ಡಾಕ್ಟರೇ ಹೇಳಿದ್ದಾರೆ, ಆಪರೇಷನ್ ಆದ ಮೇಲೆ ಕಣ್ಣು ಕೆಂಪಾಗುವುದುಂಟು ಎಂದು. ನಿನ್ನೆ ಆಸ್ಪತ್ರೆಯವರು ಯಾವುದೋ ಔಷಧಿ ಬದಲಿಸಿದ್ದಾರೆ, ಅಮ್ಮ ಇಷ್ಟು ಹೊತ್ತಿಗೆ ಎದ್ದು ಕೂತು ಗಂಜಿ ಕುಡಿಯುತ್ತಿರಬಹುದು. ತಮ್ಮ ಫೋನು ಮಾಡಿಲ್ಲ, ಮಾಡಿಲ್ಲ ಎಂದರೆ ಎಲ್ಲಾ ಸರಿಯಿದೆ ಎಂದರ್ಥ. ಹೀಗೆ ಮಧ್ಯಾಹ್ನ ಕಳೆಯಿತು. ಎಷ್ಟು ವಾದಿಸಿದರೂ ಅಮ್ಮನ ಕಿವಿಯ ಮುಂದಿನ ಗಂಟು ಇಳಿಯಲಿಲ್ಲ. ತನ್ನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಕಾಲು ಏಳಲಿಲ್ಲ ಎನ್ನುವುದಕ್ಕೆ ಇನ್ನೂ ಹೇಸಿಗೆಯಾಯಿತು.

ಕೊನೆಗೆ ಯಜಮಾನಿಯೇ ಕಳಿಸಿದಳು. "ಏನು ಮೇಷ್ಟ್ರೇ, ತೊಳೆದ ನಾಯೀನೇ ತೊಳೀತಿದೀರ. ಮನೆಗೆ ಹೋಗಿ, ಮುಖ ಹೆಣದ ಥರ ಆಗಿದೆ." ಬಸ್ಸಿನಲ್ಲಿ ಅವನು ಕಂಬಿ ಹಿಡಿಯಲಿಲ್ಲ. ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತ. ಬ್ರೇಕು ಬಿದ್ದಾಗ ಮುಂದಿದ್ದವರ ಮೇಲೆ ಬಿದ್ದ. "ಕಂಬಿ ಇರೋದು ಯಾಕ್ರೀ?" ಎಂದು ಒಬ್ಬರು ರೇಗಿದರು. ಒಂದು ಮಗು ತಾಯಿಯ ಹೆಗಲ ಮೇಲಿನಿಂದ ಅವನನ್ನು ನೋಡುತ್ತಾ ತನ್ನ ಎರಡೂ ಕಣ್ಣುಗಳನ್ನು ಮುಷ್ಟಿಯಿಂದ ಉಜ್ಜಿಕೊಳ್ಳುತ್ತಿತ್ತು. ಉಜ್ಜಬೇಡ ಎಂದು ಕೂಗಬೇಕೆನಿಸಿತು. ಆಸ್ಪತ್ರೆಯ ನಿಲ್ದಾಣ ಬಂದಾಗ ಇಳಿಯದೆ ಮುಂದಿನದರಲ್ಲಿ ಇಳಿದ, ಹಿಂದಕ್ಕೆ ನಡೆದ.

ವಾರ್ಡಿನ ಹೊರಗಿನ ಓಣಿಯಲ್ಲಿ ತಮ್ಮನ ದನಿ ದೂರದಿಂದಲೇ ಕೇಳಿಸಿತು. "ಒಂದು ಕಣ್ಣು, ಅತ್ತಿಗೆ. ಇದ್ದಿದ್ದು ಒಂದೇ ಕಣ್ಣು. ಮನೇಲೇ ಇರ್ತೀರ, ಒಂದಿಷ್ಟು ಚೊಕ್ಕವಾಗಿ ನೋಡ್ಕೊಳ್ಳೋಕೆ ಆಗ್ಲಿಲ್ವಾ? ದಿಂಬಿನ ಕವರ್ ಯಾವಾಗ ಬದಲಾಯಿಸಿದ್ರಿ?" ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ದಿನಾ ಬದಲಾಯಿಸ್ತೀನಪ್ಪ," ಎಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ಇಲ್ಲಿ ನಿಂತಿದೆ, ಎಂದು ಅವನು ಹೇಳಬೇಕಿತ್ತು. ಬದಲಿಗೆ, "ಹೇಗಿದ್ದಾಳೆ?" ಎಂದು ಕೇಳಿದ.

"ಮೈಯೆಲ್ಲ ಚುಕ್ಕೆ ಅಣ್ಣ. ಮಧ್ಯಾಹ್ನದಿಂದ ಏನೇನೋ ಬಡಬಡಿಸ್ತಿದ್ದಾಳೆ, ನಿನ್ನನ್ನೇ ಕರೀತಾಳೆ. ಪಕ್ಕದ ಮಂಚದವರು ಅಂಟುರೋಗ ಅಂತ ಗಲಾಟೆ ಮಾಡಿ ಮಂಚ ಎಳೆಸಿಕೊಂಡು ಹೋದ್ರು. ನಿಂಗೆ ಆಫೀಸಲ್ಲಿ ತೊಂದರೆ ಆಗುತ್ತೆ ಅಂತ ನಾನೇ ಫೋನ್ ಮಾಡ್ಲಿಲ್ಲ."

ಆಫೀಸಲ್ಲಿ ತೊಂದರೆ. ಆ ಮಾತಿನ ಮರ್ಯಾದೆ ಅವನ ಕೆನ್ನೆಗೆ ಹೊಡೆದ ಹಾಗಾಯಿತು. ಅಷ್ಟರಲ್ಲಿ ಹುಡುಗಿ ಡಾಕ್ಟರು ಹೊರಗೆ ಬಂದಳು. ಅವನು ಅವಳ ಹಿಂದೆ ನಾಲ್ಕು ಹೆಜ್ಜೆ ಹೋಗಿ, ಯಾರಿಗೂ ಕೇಳಿಸದಂತೆ ಶುರುಮಾಡಿದ. ನಡುವಿನ ದಾರಿಯೊಂದು ಇರಬಹುದೆಂದು ಆ ಕ್ಷಣಕ್ಕೆ ಹೊಳೆದಿತ್ತು. ಅಮ್ಮನೂ ಬದುಕಬೇಕು, ಅಂಗಿಯ ಇಸ್ತ್ರಿಯೂ ಮುರಿಯಬಾರದು.

"ಡಾಕ್ಟರೇ, ನಿನ್ನೆ ನಾಯಿ ವಿಷಯ ಕೇಳಿದ್ರಲ್ಲ. ಪಕ್ಕದ ಮನೇಲಿ ಒಂದು ನಾಯಿ ಇದೆ. ಅಮ್ಮ ಅದನ್ನ ಮುಟ್ಟಿರಬಹುದು. ಉಣ್ಣಿ ಇರುತ್ತಲ್ಲ, ನಾಯಿಗೆ..."

ಡಾಕ್ಟರು ನಿಂತಳು. "ಉಣ್ಣಿ ಇತ್ತಾ? ನೀವು ನೋಡಿದ್ರಾ?"

"ಪಕ್ಕದ ಮನೇಲಾ?" ಹೆಂಡತಿ ಹಿಂದೆಯೇ ಬಂದಿದ್ದಳು. "ಎಲ್ಲಿದೆ ನಾಯಿ? ನಮ್ಮ ಬಿಲ್ಡಿಂಗಲ್ಲೇ ನಾಯಿ ಸಾಕೋ ಹಾಗಿಲ್ಲ. ಅತ್ತೆ ಆಪರೇಷನ್ ಆದಾಗಿಂದ ಮೆಟ್ಟಿಲೇ ಇಳಿದಿಲ್ಲ ಡಾಕ್ಟರೇ. ಇವರಿಗೆ ಗಾಬರೀಲಿ ಏನೂ ತೋಚ್ತಿಲ್ಲ."

ಅವಳು ಅವನನ್ನು ಕಾಪಾಡಲು ಹೇಳಿದ ಸತ್ಯ ಅದು. ಡಾಕ್ಟರು ತಲೆಯಾಡಿಸಿ, "ಹಾಗಾದ್ರೆ ಅದಲ್ಲ," ಎಂದು ನಡೆಯತೊಡಗಿದಳು. ಅವಳ ಚಪ್ಪಲಿ ಓಣಿಯ ನೆಲದ ಮೇಲೆ ಸದ್ದು ಮಾಡುತ್ತಾ ದೂರವಾಗುತ್ತಿತ್ತು. ಅವಳು ತಿರುವಿನಲ್ಲಿ ಮರೆಯಾದರೆ ಅಮ್ಮನೂ ಆ ತಿರುವಿನಲ್ಲೇ ಹೋದಂತೆ ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು.

"ನನ್ನ ಕೈಯಿಂದ!" ಎಂದು ಕಿರುಚಿದ.

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಒಮ್ಮೆ ಬಾಯಿ ಬಿಟ್ಟ ಮೇಲೆ ತಗ್ಗಿದ ದನಿ ಯಾವುದೆಂದೇ ಅವನಿಗೆ ಮರೆತುಹೋಯಿತು. "ನಾನು ಆಫೀಸಿಗೆ ಹೋಗ್ತಿಲ್ಲ. ನಾಯಿ ತೊಳೀತೀನಿ. ನಾಯಿ ಹಾಸ್ಟೆಲ್ಲಲ್ಲಿ. ಉಣ್ಣಿ ಕಿತ್ತು ಉಗುರಲ್ಲಿ ಒತ್ತುತ್ತೀನಿ. ಒತ್ತಿದ ಕೈಯಲ್ಲೇ ಬಂದು ಅಮ್ಮನ ಕಣ್ಣಿಗೆ ಹನಿ ಹಾಕಿದ್ದೀನಿ. ಇವಳು ಒಂದು ದಿನಾನೂ ಆ ಬಾಟಲಿ ಮುಟ್ಟಿಲ್ಲ. ನಾನು ಮುಟ್ಟೋಕೆ ಬಿಟ್ಟಿಲ್ಲ." ಎರಡೂ ಹೆಬ್ಬೆರಳುಗಳನ್ನು ಮುಂದೆ ಚಾಚಿ ತೋರಿಸುತ್ತಾ ನಿಂತಿದ್ದ.

ಡಾಕ್ಟರು ಹಿಂದಕ್ಕೆ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು. ಕಣ್ಣು ಮೊದಲು ಕೆಂಪಾಯಿತೋ ಜ್ವರ ಮೊದಲು ಬಂತೋ ಎಂದು ಕೇಳಿದಳು. ಕಣ್ಣೇ ಮೊದಲು ಎಂದು ಹೆಂಡತಿ ಉತ್ತರ ಕೊಟ್ಟಳು. ಡಾಕ್ಟರು ನರ್ಸನ್ನು ಕರೆದು ಒಂದು ಔಷಧಿಯ ಹೆಸರು ಹೇಳಿ, ಈಗಲೇ, ರಿಪೋರ್ಟು ಬರೋವರೆಗೆ ಕಾಯಬೇಡಿ, ಎಂದಳು. ಆಮೇಲೆ ಇವನ ಕಡೆ ತಿರುಗಿದಳು. "ಇದು ನಿಮಗೆ ಯಾವಾಗ ಹೊಳೀತು?"

"ಬೆಳಿಗ್ಗೆ."

"ಬೆಳಿಗ್ಗೆ," ಎಂದಳು ಅವಳು. ಓಣಿಯ ಕಿಟಕಿಯಾಚೆ ದೀಪಗಳು ಹತ್ತಿಕೊಳ್ಳುತ್ತಿದ್ದವು. ಆಮೇಲೆ ಡಾಕ್ಟರುಗಳು ಕಲಿತಿರುವ ದನಿಯಲ್ಲಿ ಹೇಳಿದಳು: "ನೋಡೋಣ. ವಯಸ್ಸಾಗಿದೆ, ತಡ ಆಗಿದೆ, ಭರವಸೆ ಕೊಡೋಕಾಗಲ್ಲ. ಒಳಗೆ ಹೋಗಿ ಕೂತ್ಕೊಳ್ಳಿ. ಹೆದರಬೇಡಿ, ಇದು ಮನುಷ್ಯರಿಂದ ಮನುಷ್ಯರಿಗೆ ಅಂಟೋ ಕಾಯಿಲೆ ಅಲ್ಲ."

ತಮ್ಮ ಅವನನ್ನು ನೋಡಲಿಲ್ಲ. ತನ್ನ ಬೂಟುಗಳನ್ನು ನೋಡುತ್ತಾ, "ನಾಯಿ ತೊಳೀತೀಯ," ಎಂದ. ಪ್ರಶ್ನೆಯಂತೂ ಅಲ್ಲ. ಹೆಂಡತಿಯ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ದಿನಾ ಅಂಗಿ ಒಗೆಯುವವಳು ಅವಳು. ಕಾಲರಿನಲ್ಲಿ ಸಿಕ್ಕಿಕೊಂಡ ಬಿಳಿ ಕೂದಲು, ಕಂದು ಕೂದಲು ಯಾರವೆಂದು ಒಮ್ಮೆಯೂ ಕೇಳದೆ ಕೊಡವಿ ಇಸ್ತ್ರಿಗೆ ಹಾಕಿದವಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಬೆಳಗಿನ ಮದುವೆ ಗಂಡಿನ ಸೋಗಿಗೆ ಬಾಗಿಲು ತೆರೆದು ಕಳಿಸುತ್ತಿದ್ದಳು. ಇಷ್ಟು ಕಾಲ ಯಾರಿಂದ ಏನನ್ನು ಬಚ್ಚಿಟ್ಟೆ ಎಂದು ಅವನಿಗೆ ಅರ್ಥವಾಗಲಿಲ್ಲ. ಅಳು ಬಂತು, ಒರೆಸಿಕೊಳ್ಳಲು ಕೈಯೆತ್ತಿ, ಅರ್ಧಕ್ಕೇ ನಿಲ್ಲಿಸಿದ.

ಒಳಗೆ ಅಮ್ಮನ ಮಂಚದ ಅಕ್ಕಪಕ್ಕ ಖಾಲಿ ನೆಲವಿತ್ತು. ಎಳೆದುಕೊಂಡು ಹೋದ ಮಂಚದ ಕಾಲುಗಳು ಮೊಸಾಯಿಕ್ಕಿನ ಮೇಲೆ ಎರಡು ಗೆರೆ ಬಿಟ್ಟಿದ್ದವು. ಆ ಗೆರೆಗಳು ಸೊಟ್ಟಗಿವೆ ಎಂದು ಅವನ ಕಣ್ಣು ತಾನಾಗಿ ಗಮನಿಸಿತು. ನರ್ಸು ಬಾಟಲಿಯೊಂದನ್ನು ಕೊಕ್ಕೆಗೆ ತೂಗುಹಾಕಿ ಹೋದಳು. ಅಮ್ಮ ಸಣ್ಣಗಾಗಿದ್ದಳು, ಹಾಸಿಗೆಯ ಮೇಲೆ ಯಾರೋ ಮರೆತುಹೋದ ಬಟ್ಟೆಯಷ್ಟು. ಅವನು ಹತ್ತಿರ ಹೋಗದೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಮಂಚದ ಕಾಲ್ದೆಸೆಯಲ್ಲಿ ನಿಂತ. ಅಮ್ಮನ ಮೂಗಿನ ಹೊಳ್ಳೆಗಳು ಅರಳಿದವು.

"ಬಂದ್ಯಾ?" ಎಂದಳು. "ಸೋಪು ವಾಸನೆ ಬಂತು. ನೀನೇ ಅಂದ್ಕೊಂಡೆ."

"ಹೂಂ ಅಮ್ಮ."

"ಇವರ್ಯಾರಿಗೂ ಹಾಕೋಕೆ ಬರಲ್ಲ ಕಣೋ. ಕೆನ್ನೆಗೆ ಬೀಳಿಸ್ತಾರೆ. ಉರಿ... ಬೇಗ ಹಾಕು."

ಅವಳು ತಾನೇ ತಲೆಯನ್ನು ಹಿಂದಕ್ಕೊರಗಿಸಿದಳು. ಚುಕ್ಕೆ ಎದ್ದ ಕೈಯನ್ನು ಎತ್ತಿ, ಹುಡುಕಿ, ಬೆರಳಿನಿಂದ ಕೆಳರೆಪ್ಪೆಯನ್ನು ಇಳಿಸಿ ಹಿಡಿದಳು. ಕಣ್ಣು ಹಸಿ ಗಾಯದಂತಿತ್ತು. ಆ ಕಣ್ಣಿಗೆ ಈಗ ಏನು ಕಾಣುತ್ತಿದೆ, ಏನಾದರೂ ಕಾಣುತ್ತಿದೆಯೇ ಎಂದು ಅವನಿಗೆ ಗೊತ್ತಾಗಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ಅವಳು ಕಾಯುತ್ತಿದ್ದಳು. ಪಕ್ಕದ ಮೇಜಿನ ಮೇಲೆ ಹನಿಯ ಬಾಟಲಿ ಇತ್ತು. ಅವನ ಕೈ ಬೆನ್ನ ಹಿಂದೆಯೇ ಉಳಿಯಿತು. ಹೆಬ್ಬೆರಳ ಉಗುರುಗಳು ಒಂದನ್ನೊಂದು ಒತ್ತುತ್ತಿದ್ದವು, ನಡುವೆ ಏನೂ ಇರಲಿಲ್ಲ. ಹೇಳಬೇಕಾದ್ದನ್ನು ಓಣಿಯಲ್ಲಿ ಕಿರುಚಿ ಬಂದಿದ್ದ, ಇವಳೊಬ್ಬಳನ್ನು ಬಿಟ್ಟು ಎಲ್ಲರಿಗೂ.

"ಹಾಕಿ ಆಯ್ತಮ್ಮ," ಎಂದ.

ಅಮ್ಮ ಬೆರಳು ತೆಗೆದಳು. ಕಣ್ಣು ಮುಚ್ಚಿದಳು. ಒಂದು ಗಳಿಗೆ ತಂಪಿಗಾಗಿ ಕಾದಂತಿತ್ತು. ಆಮೇಲೆ ಒಣಗಿದ ತುಟಿಗಳು ಅಲ್ಲಾಡಿದವು.

"ಬಿದ್ದಿದ್ದೇ ಗೊತ್ತಾಗ್ಲಿಲ್ಲ ನೋಡು," ಎಂದಳು. "ಕೈ ಅಂದ್ರೆ ನಿನ್ನ ಕೈ."

ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯುತ್ತಿತ್ತು. ಅದನ್ನು ಒರೆಸು ಬಾ ಎಂದು ಅವನು ಹೆಂಡತಿಯನ್ನು ಕರೆದ.